ಏನೇನು ಬಿಚ್ಚಿದ್ದೆ, ಹೇಳು

ಕೀ ತಿರುಗಿಸಿದೆ. ಟಕ್ ಅಂತ ಒಂದು ಸದ್ದು. ಅಷ್ಟೇ. ಇನ್ನೊಮ್ಮೆ ತಿರುಗಿಸಿದೆ. ಎಂಜಿನ್ನನ್ನು ಮೊದಲು ತಿರುಗಿಸಿಕೊಡುವ ಸೆಲ್ಫ್ ಮೋಟರು ಅರ್ಧ ಸುತ್ತು ನರಳಿ ನಿಂತಿತು. ಮೂರನೇ ಸಲ ಕೀಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದೆ. ಬಾನೆಟ್ ಹತ್ತಿರ ಬಗ್ಗಿ ನಿಂತಿದ್ದ ತಮ್ಮ (ಚಿಕ್ಕಪ್ಪನ ಮಗ) "ಬಿಡು, ಬಿಡು, ಹೊಗೆ!" ಎಂದು ಕೂಗಿದ.

ಇಳಿದು ಓಡಿ ಹೋಗಿ ನೋಡಿದೆ. ಹೊಗೆ ಬರುತ್ತಿದ್ದದ್ದು ಬ್ಯಾಟರಿಯಿಂದಲ್ಲ, ಸೆಲ್ಫ್ ಮೋಟರಿನಿಂದಲೂ ಅಲ್ಲ. ಆಕ್ಸಿಲರೇಟರ್ ಕೇಬಲ್ಲಿನಿಂದ. ಪೆಡಲಿಗೂ, ಗಾಳಿ-ಪೆಟ್ರೋಲು ಬೆರೆಸುವ ಕಾರ್ಬೊರೇಟರಿಗೂ ನಡುವೆ ಇರುವ ಸಣ್ಣ ತಂತಿ ಅದು. ಅದಕ್ಕೂ ಕರೆಂಟಿಗೂ ಯಾವ ಸಂಬಂಧವೂ ಇಲ್ಲ. ಆದರೂ ಅದರ ಮೇಲಿನ ಕಪ್ಪು ಪ್ಲಾಸ್ಟಿಕ್ ಮೆತ್ತಗಾಗಿ ಕರಗಲು ಶುರುವಾಗಿತ್ತು. ಮುಟ್ಟಿದರೆ ಬೆರಳು ಚುರ್ ಎಂದಿತು.

ಹದಿನೆಂಟು ದಿನ ಮೈಮುರಿದು ಕೆಲಸ ಮಾಡಿ, ಎಂಜಿನ್ ಕೂರಿಸಿ, ಕೊನೆಗೆ ಕಂಡದ್ದು ಆ ಹೊಗೆ.

ಅಪ್ಪನ ಕಾರು 1993ರ ಮಾರುತಿ 800. ಬಿಳಿ ಬಣ್ಣ, ನಾಲ್ಕು ಗೇರು, ಕಾರ್ಬೊರೇಟರ್, ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್. (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ಅದರೊಳಗೆ ತೆರೆದು ಮುಚ್ಚುತ್ತಾ ಕಿಡಿಯ ಹೊತ್ತು ನಿರ್ಧರಿಸುವ ಸ್ವಿಚ್ಚು ಪಾಯಿಂಟ್.) 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಯನ್ನು ಕೊಟ್ಟದ್ದು, 2014ರ ಜನವರಿಯಲ್ಲಿ ಈ ಕಾರಿನ ತಯಾರಿಕೆ ನಿಂತದ್ದು. ನಡುವಿನ ಮೂವತ್ತು ವರ್ಷದಲ್ಲಿ ನಮ್ಮಂಥ ಎಷ್ಟೋ ಮನೆಗಳಿಗೆ ಮೊದಲ ಕಾರು ಇದೇ. ನಮ್ಮ ಮನೆಯ ಮದುವೆ, ಆಸ್ಪತ್ರೆ, ಅಡಿಕೆ ಮಂಡಿಯ ಓಡಾಟ ಎಲ್ಲವೂ ಇದರಲ್ಲೇ ನಡೆದಿದೆ. ಅಜ್ಜಿಯನ್ನು ಕೊನೆಯ ಸಲ ಶಿವಮೊಗ್ಗಕ್ಕೆ ಕರೆದುಕೊಂಡು ಹೋದದ್ದೂ ಇದರಲ್ಲೇ. ಹಾಗಾಗಿ ಹಿಂದಿನಿಂದ ನೀಲಿ ಹೊಗೆ ಬರಲು ಶುರುವಾದಾಗ, ಆಯಿಲ್ ತಿನ್ನುವುದು ಜಾಸ್ತಿಯಾದಾಗ, ಗುಜರಿಗೆ ಹಾಕುವ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಎಂಜಿನ್ ಇಳಿಸಿ ಬೋರ್ ಮಾಡಿಸುವುದು, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆಸಿ ಹೊಸ ಪಿಸ್ಟನ್ ಹಾಕುವುದು ಅಂತ ತೀರ್ಮಾನ ಆಯಿತು. ನಾನು ದಸರೆಗೆ ರಜೆ ಹಾಕಿ ಊರಿಗೆ ಬಂದೆ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಚಪ್ಪರವೇ ಗ್ಯಾರೇಜ್ ಆಯಿತು. ಕೊಯ್ಲು ಶುರುವಾಗುವ ಮೊದಲು ಚಪ್ಪರ ಖಾಲಿ ಮಾಡಿಕೊಡಬೇಕು. ಅಪ್ಪ ಹಾಕಿದ ಷರತ್ತು ಅದೊಂದೇ.

ಮಾರುತಿಯ ಎಂಜಿನ್ ಚಿಕ್ಕದು. 796 ಸಿಸಿ, ಮೂರು ಸಿಲಿಂಡರ್. ತೊಲೆಗೆ ಚೈನ್ ಬ್ಲಾಕ್ ಕಟ್ಟಿದರೆ ಇಬ್ಬರೇ ಇಳಿಸಬಹುದು. ಕಷ್ಟ ಇರುವುದು ತೂಕದಲ್ಲಲ್ಲ. ಒಂದು ಎಂಜಿನ್ ಕಾರಿನ ಜೊತೆ ಎಷ್ಟು ಕಡೆ ಅಂಟಿಕೊಂಡಿರುತ್ತದೆ ಅನ್ನುವುದು ಬಿಚ್ಚುವವನಿಗೆ ಮಾತ್ರ ಗೊತ್ತಾಗುತ್ತದೆ. ರೇಡಿಯೇಟರಿನ ಎರಡು ಪೈಪು, ಪೆಟ್ರೋಲಿನ ಪೈಪುಗಳು, ಸೈಲೆನ್ಸರು, ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಗೇರಿನ ರಾಡು, ಎರಡು ಡ್ರೈವ್ ಶಾಫ್ಟು, ಆಲ್ಟರ್ನೇಟರಿನ ವೈರು, ಸೆಲ್ಫ್ ಮೋಟರಿನ ದಪ್ಪ ವೈರು ಮತ್ತು ಅದರ ಪಕ್ಕದ ಸಣ್ಣ ವೈರು, ಆಯಿಲ್ ಸ್ವಿಚ್ಚು, ಟೆಂಪರೇಚರ್ ಸ್ವಿಚ್ಚು, ಕಿಡಿಯ ಕರೆಂಟು ಕೊಡುವ ಕಾಯಿಲಿನ ವೈರುಗಳು. ಬಿಚ್ಚುವಾಗ ಎಲ್ಲವೂ ಸುಲಭ. ಕೈ ತನ್ನಷ್ಟಕ್ಕೆ ಓಡುತ್ತದೆ. ಡಿಸ್ಟ್ರಿಬ್ಯೂಟರ್ ಎಲ್ಲಾದರೂ ತಾಗಿ ಒಡೆದೀತು ಅಂತ ಅದನ್ನೂ ಎತ್ತಿ ತೆಗೆದಿಟ್ಟೆ. ತೆಗೆಯುವ ಮೊದಲು ಅದರ ಮೈಗೂ ಹೆಡ್ಡಿಗೂ (ಎಂಜಿನ್ನಿನ ಮೇಲಿನ ಭಾಗಕ್ಕೂ) ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ಆ ಗೆರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬ್ಲಾಕನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಕೊಂಡುಹೋದೆವು. ಲೇತಿನವರು ಬೋರ್ ಮಾಡಿ, ಅಳತೆಗೆ ಪಿಸ್ಟನ್ ಕೊಟ್ಟು, ಹೆಡ್ಡಿನ ವಾಲ್ವ್ ಕೂರಿಸಿ ಕೊಟ್ಟರು. ಮನೆಯಲ್ಲಿ ನಾವಿಬ್ಬರೂ ಸೇರಿ ಜೋಡಿಸಿದೆವು. ಇಲ್ಲಿ ಹೇಳಬೇಕಾದದ್ದು ಅದನ್ನಲ್ಲ. ಕೂರಿಸಿದ ಮೇಲೆ ಏನಾಯಿತು ಅನ್ನುವುದನ್ನು.

ಮೊದಲು ಆ ಹೊಗೆ. ಕಾರಿನಲ್ಲಿ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಕೆಲಸ ಮುಗಿಸಿ ಮೈನಸ್‌ಗೆ ವಾಪಸ್ ಬರಲೇಬೇಕು. ವಾಪಸ್ ಬರಲು ಬೇರೆ ವೈರು ಎಳೆದಿರುವುದಿಲ್ಲ. ಕಾರಿನ ತಗಡಿನ ಮೈಯೇ ದಾರಿ. ನಮ್ಮ ಕಡೆ ಇದಕ್ಕೆ ಅರ್ಥಿಂಗ್ ಅನ್ನುತ್ತೇವೆ. ಆದರೆ ಎಂಜಿನ್ ಕೂತಿರುವುದು ರಬ್ಬರಿನ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹಾಯುವುದಿಲ್ಲ. ಅದಕ್ಕೇ ಎಂಜಿನ್ ಕಡೆಯಿಂದ ಬಾಡಿಗೆ ಒಂದು ದಪ್ಪ ಪಟ್ಟಿ ಹಾಕಿರುತ್ತಾರೆ. ಹೆಣೆದ ತಂತಿಯ ಪಟ್ಟಿ, ಎರಡು ಕಡೆ ಒಂದೊಂದು ಬೋಲ್ಟು. ಸೆಲ್ಫ್ ಮೋಟರು ತಿರುಗುವಾಗ ನೂರು ಆಂಪಿಯರಿಗೂ ಹೆಚ್ಚು ಕರೆಂಟು ಈ ಪಟ್ಟಿಯ ಮೇಲೆಯೇ ವಾಪಸ್ ಹೋಗಬೇಕು.

ಆ ಪಟ್ಟಿಯನ್ನು ನಾನು ಹಾಕಿರಲಿಲ್ಲ.

ಕರೆಂಟಿಗೆ ದಾರಿ ಮುಚ್ಚಿದರೆ ಅದು ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವೆ ಲೋಹದ್ದು ಅಂತ ಉಳಿದದ್ದು ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಕ್ಲಚ್ ಕೇಬಲ್. ಹೊಳೆ ನೀರನ್ನು ಅಡಿಕೆ ತೋಟದ ಕಪ್ಪಿಗೆ (ಸಣ್ಣ ಕಾಲುವೆಗೆ) ತಿರುಗಿಸಿದ ಹಾಗೆ ಅಷ್ಟೂ ಕರೆಂಟು ಆ ಸಣ್ಣ ತಂತಿಗಳಿಗೆ ನುಗ್ಗಿತ್ತು. ಎಂಜಿನ್ ಇಳಿಸಿ ಏರಿಸಿದ ಕಾರಿನಲ್ಲಿ ಸೆಲ್ಫ್ ನಿಧಾನಕ್ಕೆ ನರಳಿದರೆ ಬ್ಯಾಟರಿಯನ್ನು ಬೈಯುವ ಮೊದಲು ಈ ಕೇಬಲ್ಲುಗಳನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ ಅರ್ಥಿಂಗ್ ಪಟ್ಟಿ ಇಲ್ಲ, ಅಥವಾ ತುಕ್ಕು ಹಿಡಿದು ಸರಿಯಾಗಿ ಕೂತಿಲ್ಲ.

ಖಚಿತ ಮಾಡಿಕೊಳ್ಳಲು ಮಲ್ಟಿಮೀಟರ್ ತಂದೆ. ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿಗೆ, ಕಪ್ಪನ್ನು ಬ್ಯಾಟರಿಯ ಮೈನಸ್‌ಗೆ ಇಟ್ಟು, ತಮ್ಮನಿಗೆ ಒಂದೇ ಒಂದು ಕ್ಷಣ ಕೀ ತಿರುಗಿಸಲು ಹೇಳಿದೆ. ಐದು ವೋಲ್ಟ್ ದಾಟಿತು. ದಾರಿ ಸರಿ ಇದ್ದರೆ ಅಲ್ಲಿ ಅರ್ಧ ವೋಲ್ಟ್ ಕೂಡ ಬರಬಾರದು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಐದು ವೋಲ್ಟು ವಾಪಸ್ ಬರುವ ದಾರಿಯಲ್ಲೇ ಕಳೆದುಹೋದರೆ ಮೋಟರಿಗೆ ಉಳಿಯುವುದೇನು? ಮೀಟರ್ ಇಲ್ಲದವರೂ ಇದನ್ನು ನೋಡಬಹುದು. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಗಟ್ಟಿ ಲೋಹಕ್ಕೂ ಕಚ್ಚಿಸಿ ಸೆಲ್ಫ್ ಹೊಡೆಯುವುದು. ಮೋಟರು ಜೋರಾಗಿ ತಿರುಗಿದರೆ ಉತ್ತರ ಸಿಕ್ಕಿತು.

ಪಟ್ಟಿ ಬೋಲ್ಟುಗಳ ಡಬ್ಬಿಯ ತಳದಲ್ಲೇ ಇತ್ತು. ಎರಡೂ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬಾಡಿಯ ಮೇಲೆ ಬೋಲ್ಟು ಕೂರುವ ಜಾಗದ ತುಕ್ಕನ್ನೂ ಉಜ್ಜಿ ತೆಗೆದು ಬಿಗಿದೆ. ಮತ್ತೆ ಮೀಟರ್ ಇಟ್ಟರೆ 0.2 ವೋಲ್ಟ್. ಸೆಲ್ಫ್ ರಪರಪನೆ ತಿರುಗಿತು. ಕರಗಿದ ಕೇಬಲ್ಲಿಗೆ ಬದಲು ಹೊಸದು ಸಾಗರದಲ್ಲೇ ಸಿಕ್ಕಿತು.

ಆದರೆ ಕಾರು ಸ್ಟಾರ್ಟ್ ಆಗಲಿಲ್ಲ.

ಇಲ್ಲೊಂದು ಮಾತು. "ಗಾಡಿ ಸ್ಟಾರ್ಟ್ ಆಗ್ತಿಲ್ಲ" ಅಂತ ನಾವು ಹೇಳುವಾಗ ಎರಡು ಬೇರೆ ಬೇರೆ ಕಾಯಿಲೆಗೆ ಒಂದೇ ಹೆಸರು ಇಡುತ್ತೇವೆ. ಸೆಲ್ಫ್ ತಿರುಗುವುದೇ ಇಲ್ಲ ಅನ್ನುವುದು ಒಂದು. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಎಂಜಿನ್ ಹತ್ತಿಕೊಳ್ಳುವುದಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಬ್ಯಾಟರಿ, ವೈರು, ಅರ್ಥಿಂಗ್, ಸೆಲ್ಫ್ ಮೋಟರಿನ ವಿಷಯ. ಎರಡನೆಯದರಲ್ಲಿ ಅವು ಯಾವುದರ ತಪ್ಪೂ ಇರುವುದಿಲ್ಲ. ಫೋನಿನಲ್ಲಿ ಯಾರನ್ನಾದರೂ ಕೇಳುವಾಗ ಇದನ್ನು ಬಿಡಿಸಿ ಹೇಳದೆ ಇದ್ದರೆ ಅವರು ಒಂದು ರೋಗಕ್ಕೆ ಮದ್ದು ಹೇಳುತ್ತಾರೆ, ನಾವು ಇನ್ನೊಂದಕ್ಕೆ ಹಚ್ಚುತ್ತೇವೆ. ನನಗೆ ಮೊದಲನೆಯದು ವಾಸಿಯಾದ ಮೇಲೆ ಎರಡನೆಯದು ಕಾಣಿಸಿತು.

ಎಂಜಿನ್ ಹತ್ತಿಕೊಳ್ಳಲು ಬೇಕಾದದ್ದು ಪೆಟ್ರೋಲು, ಕಿಡಿ, ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ). ಎಲ್ಲರಿಗೂ ಗೊತ್ತಿರುವುದೇ. ಒಂದೊಂದಾಗಿ ನೋಡಿದೆ.

ಕಿಡಿ. ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೇ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು ಸೆಲ್ಫ್ ಹೊಡೆಸಿದೆ. ನೀಲಿ ಕಿಡಿ, ಚಟಚಟ ಸದ್ದು. ಹಳದಿ ಮಿಶ್ರಿತ ಕೆಂಪು ಬಂದಿದ್ದರೆ ಕಿಡಿಗೆ ಶಕ್ತಿ ಇಲ್ಲ ಅಂತ. ನೀಲಿ ಅಂದರೆ ಗಟ್ಟಿ. (ಇದನ್ನು ಮಾಡುವಾಗ ವೈರನ್ನು ಬರಿಗೈಯಲ್ಲಿ ಹಿಡಿಯಬೇಡಿ. ಅಲ್ಲಿರುವುದು ಹತ್ತು ಸಾವಿರ ವೋಲ್ಟಿಗೂ ಮೇಲೆ. ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಲೂ ಬಾರದು.) ಅಪ್ಪನ ಡಬ್ಬಿಯಲ್ಲಿ ಹಳೆಯ ಮೈಕೋ ಪ್ಲಗ್ಗುಗಳಿದ್ದವು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ, 2008ರಲ್ಲಿ ಹೆಸರು ಬದಲಾಗಿ ಬಾಷ್ ಆಯಿತು. ಆದರೂ ನಮ್ಮ ಕಡೆ ಅಂಗಡಿಯಲ್ಲಿ ಕೆಲವರು ಈಗಲೂ "ಮೈಕೋ ಪ್ಲಗ್ ಕೊಡಿ" ಅಂತಲೇ ಕೇಳುತ್ತಾರೆ. ಅವನ್ನೂ ಹಾಕಿ ನೋಡಿದೆ. ಅದೇ ನೀಲಿ ಕಿಡಿ.

ಪೆಟ್ರೋಲು. ಎಂಜಿನ್ ಹದಿನೆಂಟು ದಿನ ಕಾರಿನಿಂದ ಹೊರಗಿತ್ತು. ಕಾರ್ಬೊರೇಟರಿನ ಬಟ್ಟಲು ಒಣಗಿರುತ್ತದೆ. ಮಾರುತಿಯ ಈ ಮಾದರಿಯಲ್ಲಿ ಪೆಟ್ರೋಲ್ ಪಂಪು ಎಂಜಿನ್ ತಿರುಗಿದರೆ ಮಾತ್ರ ಎಳೆಯುತ್ತದೆ. ಹಾಗಾಗಿ ಮೊದಲ ಸಲ ಜಾಸ್ತಿ ಹೊತ್ತು ಸೆಲ್ಫ್ ಹೊಡೆಯಬೇಕು, ನಡುನಡುವೆ ಮೋಟರಿಗೆ ತಣ್ಣಗಾಗಲು ಬಿಡುವು ಕೊಡಬೇಕು. ಕಾರ್ಬೊರೇಟರಿಗೆ ಬರುವ ಪೈಪನ್ನು ಕಿತ್ತು ಬಾಟಲಿಗೆ ಬಿಟ್ಟರೆ ಪೆಟ್ರೋಲು ಪುಳ್ ಪುಳ್ ಅಂತ ಬರುತ್ತಿತ್ತು. ಆಮೇಲೆ ಪ್ಲಗ್ ಬಿಚ್ಚಿದರೆ ಮೂರೂ ಒದ್ದೆ. ಅಂದರೆ ಪೆಟ್ರೋಲು ಸಿಲಿಂಡರಿಗೂ ಹೋಗಿದೆ.

ಕಂಪ್ರೆಶನ್. ಗೇಜು ಹಾಕಿ ನೋಡಿದೆ. ಮೂರರಲ್ಲೂ 140 ಪಿಎಸ್‌ಐ ಆಸುಪಾಸು. ರಿಂಗುಗಳು ಹೊಸವು, ಇನ್ನೂ ಪಳಗಿಲ್ಲ. ಆ ಲೆಕ್ಕಕ್ಕೆ ಇದು ಒಳ್ಳೆಯದೇ. ಮುಖ್ಯವಾಗಿ ಮೂರೂ ಒಂದೇ ಸಮ ಇತ್ತು.

ಮೂರೂ ಇದೆ. ಆದರೂ ಹತ್ತುತ್ತಿಲ್ಲ. ಸೆಲ್ಫ್ ಹೊಡೆಯುತ್ತಾ ಇದ್ದರೆ ಆಗಾಗ ಕಾರ್ಬೊರೇಟರಿನ ಬಾಯಿಂದ ಢಬ್ ಅಂತ ಒಂದು ಸದ್ದು, ಒಂದು ಉಸಿರು ಬೆಂಕಿ. ಅಷ್ಟರಲ್ಲಿ ಚಪ್ಪರದ ಸುತ್ತ ಜನ ಸೇರಿದ್ದರು. ಮಲೆನಾಡಿನ ಊರಿನಲ್ಲಿ ಬಾನೆಟ್ ಎತ್ತಿದ ಕಾರು ಕಂಡರೆ ದಾರಿಯಲ್ಲಿ ಹೋಗುವವರೂ ನಿಂತು ಒಂದು ಮಾತು ಹೇಳಿಯೇ ಹೋಗುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಕಾಯಿಲ್ ಹೋಗಿರಬೇಕು ಅಂದರು ಒಬ್ಬರು. ಕಂಡೆನ್ಸರ್ ಬದಲಿಸು ಅಂದರು ಇನ್ನೊಬ್ಬರು. ಬೋರ್ ಬಿಗಿಯಾಗಿದೆ, ನಾಲ್ಕನೇ ಗೇರಿಗೆ ಹಾಕಿ ಇಳಿಜಾರಿನಲ್ಲಿ ತಳ್ಳಿ ಅಂದರು ಮತ್ತೊಬ್ಬರು. ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದೆ ಅಂತ ಯಾರೋ ಅಂದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಹೊಸ ಕಾಯಿಲ್ಲನ್ನೂ ಕಂಡೆನ್ಸರನ್ನೂ ತಂದು ಹಾಕಿದೆ. ಏನೂ ಬದಲಾಗಲಿಲ್ಲ. ಬೆಲ್ಟಿನ ಕವರು ಬಿಚ್ಚಿ ನೋಡಿದೆ. ಗುರುತುಗಳು ಸರಿಯಾಗಿಯೇ ಇದ್ದವು.

ಸಂಜೆ ಒಬ್ಬ ಹಿರಿಯ ಮೇಸ್ತ್ರಿಗೆ ಫೋನ್ ಮಾಡಿದೆ. ಅಂಬಾಸಿಡರ್ ಕಾಲದಿಂದ ಕೆಲಸ ಮಾಡಿದವರು. ಢಬ್ ಸದ್ದಿನ ವಿಷಯ ಕೇಳಿದ ಕೂಡಲೇ ಅವರು ಅಂದರು, "ಪ್ಲಗ್ಗಿನ ವೈರು ಅದಲುಬದಲು ಆಗಿದೆ. ಎದುರು ಬದುರು ಹಾಕಿ ನೋಡು." ಹಾಕಿದೆ. ಮಾರುತಿಯ ಫೈರಿಂಗ್ ಕ್ರಮ, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ, 1-3-2. ಮೂರು ವೈರುಗಳನ್ನು ಎಷ್ಟು ರೀತಿ ಹಾಕಬಹುದೋ ಅಷ್ಟೂ ರೀತಿ ಹಾಕಿ ನೋಡಿದೆ. ಸದ್ದಿನ ಲಯ ಬದಲಾಯಿತು, ಅಷ್ಟೇ. ಕತ್ತಲಾಯಿತು. ಕೈ ತೊಳೆದುಕೊಂಡು ಜಗಲಿಯ ಮೇಲೆ ಕೂತೆ. ಇನ್ನು ಎಂಜಿನ್ ಮತ್ತೆ ಇಳಿಸಬೇಕು ಅನ್ನುವ ಯೋಚನೆ ಬಂದು ಊಟ ಸೇರಲಿಲ್ಲ.

ಆ ರಾತ್ರಿ ಬಂದವರು ಪಕ್ಕದ ಮನೆಯವರು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ನಾವು ಮಕ್ಕಳಿದ್ದಾಗಿನಿಂದ ಡಿಪೋ ಮಾವ ಅಂತಲೇ ಕರೆಯುವುದು. ಅವರ ಜೀವಮಾನವೆಲ್ಲ ಡೀಸೆಲ್ ಬಸ್ಸುಗಳ ಜೊತೆ ಕಳೆದಿದೆ. ಡೀಸೆಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯೇ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ. ಹಾಗಾಗಿ ಅವರು ಕಾಯಿಲ್, ಕಂಡೆನ್ಸರ್ ಅಂತ ಯಾವ ಊಹೆಯನ್ನೂ ಹೇಳಲಿಲ್ಲ. ಕವಳದ (ಎಲೆ ಅಡಿಕೆಯ) ತಟ್ಟೆ ಎಳೆದುಕೊಂಡು ಒಂದೇ ಪ್ರಶ್ನೆ ಕೇಳಿದರು.

"ಏನೇನು ಬಿಚ್ಚಿದ್ದೆ, ಹೇಳು."

ನಾನು ಎಂಜಿನ್ ಒಳಗಿನದನ್ನು ಹೇಳಲು ಶುರು ಮಾಡಿದೆ. ಅವರು ತಡೆದರು. "ಈ ಚಪ್ಪರಕ್ಕೆ ಕಾರು ಹೆಂಗೆ ಬಂತು?" ಓಡಿಸಿಕೊಂಡು ಬಂದೆ ಅಂದೆ. "ಹಂಗಾದರೆ ಅವತ್ತು ಕಾಯಿಲ್ ಸರಿ ಇತ್ತು. ಪಂಪ್ ಸರಿ ಇತ್ತು. ನೀನು ಮುಟ್ಟದೆ ಇದ್ದದ್ದು ಮಲಗಿದಲ್ಲೇ ಕೆಡೋದಿಲ್ಲ. ಮುಟ್ಟಿದ್ದು ಮಾತ್ರ ಬರಿ."

ಆ ಮಾತು ಕೇಳಿದಾಗ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಎರಡು ದಿನದಿಂದ ನಾನು ಒಂದು ಕಾರು ಯಾವ ಯಾವ ಕಾರಣಕ್ಕೆ ಸ್ಟಾರ್ಟ್ ಆಗದೆ ಇರಬಹುದು ಅಂತ ಯೋಚಿಸುತ್ತಿದ್ದೆ. ಅದಕ್ಕೆ ಕೊನೆಯೇ ಇಲ್ಲ. ಲೋಕದಲ್ಲಿರುವ ಎಲ್ಲ ಕಾರುಗಳ ಎಲ್ಲ ಕಾಯಿಲೆಯೂ ಅದರೊಳಗೆ ಬರುತ್ತದೆ. ಆದರೆ ನನ್ನ ಮುಂದೆ ಇದ್ದದ್ದು ಹದಿನೆಂಟು ದಿನದ ಹಿಂದೆ ಓಡುತ್ತಿದ್ದ ಕಾರು. ಅವತ್ತಿಗೂ ಇವತ್ತಿಗೂ ನಡುವೆ ಬದಲಾದದ್ದು ನನ್ನ ಕೈ ಹೋದ ಜಾಗಗಳು ಮಾತ್ರ. ಹುಡುಕಬೇಕಾದದ್ದು ಕಾರಿನಲ್ಲಲ್ಲ, ನನ್ನ ನೆನಪಿನಲ್ಲಿ.

ನೋಟ್‌ಬುಕ್ ತಂದು ಕೂತೆ. ಬಿಚ್ಚಿದ ಕ್ರಮದಲ್ಲೇ ಬರೆಯುತ್ತಾ ಹೋದೆ. ಚಿಕ್ಕಪ್ಪನ ಮಗ ಪಕ್ಕದಲ್ಲಿ ಕೂತು ಮರೆತದ್ದನ್ನು ನೆನಪಿಸಿದ. 34 ಸಾಲುಗಳಾದವು. ಪ್ರತಿ ಸಾಲಿನ ಮುಂದೆ ಮಾವ ಕೇಳಿದ್ದು ಒಂದೇ: "ಇದನ್ನ ವಾಪಸ್ ಹಾಕಿದ್ದು ಸರಿ ಅಂತ ಹೆಂಗೆ ಗೊತ್ತು?" ರೇಡಿಯೇಟರ್ ಪೈಪು: ನೀರು ಸೋರುತ್ತಿಲ್ಲ, ಸರಿ. ಸೆಲ್ಫ್ ವೈರು: ತಿರುಗುತ್ತಿದೆ, ಸರಿ. ಪೆಟ್ರೋಲ್ ಪೈಪು: ಬಾಟಲಿಗೆ ಬಿಟ್ಟು ನೋಡಿದ್ದೇನೆ, ಸರಿ. ರಿಂಗು, ವಾಲ್ವು: ಗೇಜು ಹೇಳಿದೆ, ಸರಿ. ಬೆಲ್ಟು: ಗುರುತು ಕಣ್ಣಾರೆ ನೋಡಿದ್ದೇನೆ, ಸರಿ. ಹಾಗೇ ಸಾಲಿನ ಮುಂದೆ ಸಾಲು ಗೀಟು ಹಾಕುತ್ತಾ ಬಂದೆವು.

ಇಪ್ಪತ್ತಾರನೇ ಸಾಲು ಡಿಸ್ಟ್ರಿಬ್ಯೂಟರ್.

"ಹೆಂಗೆ ಗೊತ್ತು?"

"ಗೆರೆ ಎಳೆದಿದ್ದೆ" ಅಂದೆ. ಅಂದವನಿಗೆ ನೆನಪಾಯಿತು. ಎಂಜಿನ್ ಇಳಿಸಿದ ಮೇಲೆ ಹೆಡ್ಡನ್ನೂ ಡಿಸ್ಟ್ರಿಬ್ಯೂಟರಿನ ಮೈಯನ್ನೂ ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದಿದ್ದೆವು. ಸೀಮೆಸುಣ್ಣದ ಗೆರೆ ಅವತ್ತೇ ಹೋಗಿತ್ತು. ವಾಪಸ್ ಹಾಕುವಾಗ ಗೆರೆ ಇಲ್ಲದ್ದನ್ನು ನೋಡಿ, ಪರವಾಗಿಲ್ಲ, ಫ್ಲೈವೀಲಿನ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರದ) ಗುರುತು ಇದೆಯಲ್ಲ ಅಂದುಕೊಂಡು ಅದನ್ನು ನೋಡಿ ಕೂರಿಸಿದ್ದೆ. ಗೇರ್‌ಬಾಕ್ಸಿನ ಹೌಸಿಂಗಿನಲ್ಲಿ ಒಂದು ಸಣ್ಣ ಕಿಟಕಿ ಇದೆ, ರಬ್ಬರಿನ ಬೂಚು ಹಾಕಿರುತ್ತಾರೆ. ಅದನ್ನು ತೆಗೆದರೆ ಫ್ಲೈವೀಲಿನ ಮೇಲೆ ಟಿ ಅಕ್ಷರದ ಗುರುತು ಕಾಣುತ್ತದೆ. ಗುರುತು ಕಿಟಕಿಗೆ ಬಂದರೆ ಒಂದನೇ ಸಿಲಿಂಡರಿನ ಪಿಸ್ಟನ್ ಪೂರ್ತಿ ಮೇಲೆ ಬಂದಿದೆ ಅಂತ. ಹಾಗೆ ಮೇಲೆ ತಂದು, ರೋಟರು (ಒಳಗೆ ತಿರುಗುತ್ತಾ ಒಂದೊಂದು ವೈರಿಗೆ ಕಿಡಿ ದಾಟಿಸುವ ತುಂಡು) ಒಂದನೇ ವೈರಿನ ಕಡೆ ಮುಖ ಮಾಡುವಂತೆ ಡಿಸ್ಟ್ರಿಬ್ಯೂಟರನ್ನು ಇಳಿಸಿದ್ದೆ. ಅದರಲ್ಲಿ ತಪ್ಪೇನು?

ತಪ್ಪು ಇದು. ಪಿಸ್ಟನ್ ಮೇಲೆ ಬರುವುದು ಒಂದು ಸಲವಲ್ಲ, ಎರಡು ಸಲ. ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊಗೆ ಬಿಡುವುದು, ಈ ನಾಲ್ಕು ಕೆಲಸ ಮುಗಿಯಲು ಕ್ರ್ಯಾಂಕು (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟು) ಎರಡು ಸುತ್ತು ಹಾಕುತ್ತದೆ. ಒಂದು ಸಲ ಪಿಸ್ಟನ್ ಗಾಳಿ-ಪೆಟ್ರೋಲನ್ನು ಒತ್ತಿಕೊಂಡು ಮೇಲೆ ಬರುತ್ತದೆ. ಕಿಡಿ ಬೇಕಾದದ್ದು ಆಗ. ಇನ್ನೊಂದು ಸಲ ಸುಟ್ಟ ಹೊಗೆಯನ್ನು ಹೊರಗೆ ದೂಡಿಕೊಂಡು ಮೇಲೆ ಬರುತ್ತದೆ. ಆಗ ಕಿಡಿ ಕೊಟ್ಟರೆ ಉರಿಯಲು ಏನೂ ಇರುವುದಿಲ್ಲ. ಮೇಲಾಗಿ ಗಾಳಿ ಬರುವ ವಾಲ್ವು ಅಷ್ಟೊತ್ತಿಗೆ ತೆರೆಯಲು ಶುರುವಾಗಿರುತ್ತದೆ, ಕಿಡಿ ಅಲ್ಲಿಗೆ ತಾಗಿದರೆ ಬೆಂಕಿ ಹಿಂದಕ್ಕೆ ಕಾರ್ಬೊರೇಟರಿನ ಬಾಯಿಂದ ಹೊರಡುತ್ತದೆ. ಫ್ಲೈವೀಲು ಕ್ರ್ಯಾಂಕಿಗೆ ಕಚ್ಚಿಕೊಂಡಿರುವುದರಿಂದ ಟಿ ಗುರುತು ಎರಡೂ ಸಲ ಕಿಟಕಿಗೆ ಬರುತ್ತದೆ. ಅದು ಯಾವ ಸಲದ್ದು ಅಂತ ಗುರುತು ಹೇಳುವುದಿಲ್ಲ. ನಾನು ಹೊಗೆ ಬಿಡುವ ಸಲವನ್ನು ಹಿಡಿದಿದ್ದೆ. ಕಿಡಿ ಇತ್ತು, ಆದರೆ ಒಂದು ಪೂರ್ತಿ ಸುತ್ತು ಆಚೀಚೆ ಇತ್ತು.

ಪೆಟ್ರೋಲು, ಕಿಡಿ, ಕಂಪ್ರೆಶನ್ ಮೂರೂ ಇದೆ ಅಂತ ನಾನು ಅಂದದ್ದು ಸುಳ್ಳಲ್ಲ. ಅವು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರುತ್ತಿರಲಿಲ್ಲ.

ಮೇಸ್ತ್ರಿಯ ಸಲಹೆ ಯಾಕೆ ಫಲಿಸಲಿಲ್ಲ ಅನ್ನುವುದೂ ಆ ರಾತ್ರಿ ಕಾಗದದ ಮೇಲೆ ಚಿತ್ರ ಬರೆದಾಗ ಅರ್ಥವಾಯಿತು. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಡಿಸ್ಟ್ರಿಬ್ಯೂಟರು ಒಂದು ಸುತ್ತು. ಹಾಗಾಗಿ ಕ್ರ್ಯಾಂಕಿನಲ್ಲಿ ಒಂದು ಸುತ್ತಿನ ತಪ್ಪು ಡಿಸ್ಟ್ರಿಬ್ಯೂಟರಿನಲ್ಲಿ ಅರ್ಧ ಸುತ್ತಾಗುತ್ತದೆ, 180 ಡಿಗ್ರಿ. ಅಂಬಾಸಿಡರಿನಂಥ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ಯಾಪಿನ ಮೇಲೆ ವೈರು ಸಿಕ್ಕಿಸುವ ನಾಲ್ಕು ಮನೆಗಳು 90 ಡಿಗ್ರಿಗೆ ಒಂದರಂತೆ ಇರುತ್ತವೆ. ಅರ್ಧ ಸುತ್ತು ಹೋದರೆ ಸರಿಯಾಗಿ ಎದುರಿನ ಮನೆ ಸಿಗುತ್ತದೆ. ವೈರುಗಳನ್ನು ಎದುರು ಬದುರು ಹಾಕಿದರೆ ಗಾಡಿ ಸ್ಟಾರ್ಟ್. ಅವರ ಅನುಭವ ಪೂರ್ತಿ ಸರಿ. ಆದರೆ ಮೂರು ಸಿಲಿಂಡರಿನ ಮಾರುತಿಯಲ್ಲಿ ಮನೆಗಳು 120 ಡಿಗ್ರಿಗೆ ಒಂದು. ಒಂದು ಮನೆಯಿಂದ ಅರ್ಧ ಸುತ್ತು ಹೋದರೆ ಸಿಗುವುದು ಎರಡು ಮನೆಗಳ ನಡುವಿನ ಖಾಲಿ ಜಾಗ. ಪಾಯಿಂಟು ತೆರೆಯುವ ಹೊತ್ತೂ ಅದೇ ಲೆಕ್ಕದಲ್ಲಿ ತಪ್ಪಿರುತ್ತದೆ. ವೈರನ್ನು ಹೇಗೆ ಬದಲಿಸಿದರೂ ಕಿಡಿ ಸರಿಯಾದ ಹೊತ್ತಿಗೆ ಬೀಳುವುದೇ ಇಲ್ಲ. ಡಿಸ್ಟ್ರಿಬ್ಯೂಟರನ್ನು ಎತ್ತಿ ಮತ್ತೆ ಕೂರಿಸಲೇಬೇಕು. ಮೂರು ಸಿಲಿಂಡರ್ ಅಂದರೆ ನಾಲ್ಕರಲ್ಲಿ ಒಂದು ಕಮ್ಮಿ ಅಂತಷ್ಟೇ ತಿಳಿದಿದ್ದ ನನಗೆ ಆ ಚಿತ್ರ ನೋಡಿ ತುಂಬಾ ಖುಷಿಯಾಯಿತು. ಹನ್ನೊಂದು ಗಂಟೆಗೆ ಟಾರ್ಚ್ ಹಿಡಿದು ಚಪ್ಪರಕ್ಕೆ ಹೋಗಲು ಎದ್ದೆ. ಮಾವ ಬೇಡ ಅಂದರು. ದಣಿದ ಕೈಯಲ್ಲಿ ಮಾಡಿದ್ದನ್ನು ಬೆಳಗ್ಗೆ ಮತ್ತೆ ಹುಡುಕಬೇಕಾಗುತ್ತದೆ ಅಂದರು. ಮಲಗಿದೆ.

ಬೆಳಗ್ಗೆ ಮೊದಲು ಮೂರೂ ಪ್ಲಗ್ ಬಿಚ್ಚಿ ಒಣಗಿಸಿದೆ. ಎರಡು ದಿನ ಸುಮ್ನೆ ಸೆಲ್ಫ್ ಹೊಡೆದು ಹೊಡೆದು ಅವು ಪೆಟ್ರೋಲಿನಲ್ಲಿ ನೆನೆದುಹೋಗಿದ್ದವು. ಎಲ್ಲ ಸರಿ ಮಾಡಿದರೂ ಒದ್ದೆ ಪ್ಲಗ್ಗಿನಿಂದ ಎಂಜಿನ್ ಹತ್ತದೆ ಇದ್ದರೆ, ಸರಿ ಮಾಡಿದ್ದೇ ತಪ್ಪು ಅಂತ ಅನ್ನಿಸಿಬಿಡುತ್ತದೆ.

ಆಮೇಲೆ ಒಂದನೇ ಸಿಲಿಂಡರಿನ ಪ್ಲಗ್ಗಿನ ತೂತಿಗೆ ತಮ್ಮ ಬೆರಳಿಟ್ಟ. ನಾನು ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿದೆ. ಟಿ ಗುರುತು ಕಿಟಕಿಗೆ ಬಂತು. "ಏನಾದರೂ ಒತ್ತಿತಾ?" "ಇಲ್ಲ." ಇನ್ನೊಂದು ಸುತ್ತು. ಗುರುತು ಹತ್ತಿರ ಬರುತ್ತಿದ್ದ ಹಾಗೆ ಅವನ ಬೆರಳನ್ನು ಗಾಳಿ ದೂಡಿತು. ಪುಸ್ ಅಂತ ಸದ್ದು ನನಗೂ ಕೇಳಿಸಿತು. ಅದೇ ಬೇಕಾದ ಸಲ. ಇನ್ನೂ ಒಮ್ಮೆ ಖಾತ್ರಿಯಾಗಲಿ ಅಂತ ಮೇಲಿನ ಕವರು ಬಿಚ್ಚಿದೆ. ಒಂದನೇ ಸಿಲಿಂಡರಿನ ರಾಕರುಗಳು ಎರಡೂ ಸಡಿಲವಾಗಿದ್ದವು. ಎರಡೂ ವಾಲ್ವು ಮುಚ್ಚಿವೆ ಅಂತ ಅರ್ಥ. ಈಗ ಡಿಸ್ಟ್ರಿಬ್ಯೂಟರಿನ ಕ್ಯಾಪು ತೆಗೆದು ರೋಟರು ನೋಡಿದರೆ ಅದು ಒಂದನೇ ವೈರಿಗೆ ಬೆನ್ನು ತಿರುಗಿಸಿ ನಿಂತಿತ್ತು.

ಡಿಸ್ಟ್ರಿಬ್ಯೂಟರನ್ನು ಎತ್ತಿ, ರೋಟರನ್ನು ಅರ್ಧ ಸುತ್ತು ತಿರುಗಿಸಿ ಇಳಿಸಿದೆ. ಅದರ ಗೇರಿನ ಹಲ್ಲುಗಳು ಓರೆ. ಇಳಿಯುತ್ತಾ ಇಳಿಯುತ್ತಾ ರೋಟರು ತಾನಾಗಿ ಸ್ವಲ್ಪ ತಿರುಗುತ್ತದೆ. ಆ ತಿರುವಿಗೆ ಜಾಗ ಬಿಟ್ಟು ಮೊದಲೇ ಕೊಂಚ ಹಿಂದಕ್ಕೆ ಹಿಡಿದು ಇಳಿಸಬೇಕು. ಮೂರನೇ ಪ್ರಯತ್ನಕ್ಕೆ ಸರಿಯಾಗಿ ಕೂತಿತು. ಟೈಮಿಂಗ್ ಹಿಡಿಯಲು ಒಂದು 12 ವೋಲ್ಟಿನ ಬಲ್ಬು ಸಾಕು. ಬಲ್ಬಿನ ಒಂದು ವೈರನ್ನು ಕಾಯಿಲ್ಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ವೈರಿಗೆ, ಇನ್ನೊಂದನ್ನು ಬಾಡಿಗೆ ಕೊಟ್ಟು ಇಗ್ನಿಶನ್ ಆನ್ ಮಾಡುವುದು. ಪಾಯಿಂಟು ಮುಚ್ಚಿದ್ದಾಗ ಬಲ್ಬು ಆರಿರುತ್ತದೆ. ತೆರೆದ ಕ್ಷಣ ಹತ್ತುತ್ತದೆ. ಟಿ ಗುರುತಿಗಿಂತ ಕೆಲವು ಡಿಗ್ರಿ ಮೊದಲು ಬಲ್ಬು ಹತ್ತುವಂತೆ ಡಿಸ್ಟ್ರಿಬ್ಯೂಟರಿನ ಮೈಯನ್ನು ಹೊರಳಿಸಿ ಬೋಲ್ಟು ಬಿಗಿದೆ.

ಈಗಿನ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಕ್ರ್ಯಾಂಕ್ ಸೆನ್ಸರು ನೋಡಿ ಕಂಪ್ಯೂಟರು ಕಿಡಿ ಕೊಡುತ್ತದೆ. ಆದರೆ ಎಂಜಿನ್ ಇಳಿಸಿ ಏರಿಸಿದ ಮೇಲೆ ಆ ಸೆನ್ಸರಿನ ಪ್ಲಗ್ಗನ್ನು ಸಿಕ್ಕಿಸಲು ಮರೆತರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಸ್ಕ್ಯಾನರ್ ಹಾಕಿದರೆ ಕೋಡ್ ಬರಬಹುದು. ಆ ಕೋಡ್ ನೋಡಿ ಹೊಸ ಸೆನ್ಸರ್ ತರಲು ಅಂಗಡಿಗೆ ಹೋಗುವವರೂ ಇದ್ದಾರೆ, ಬಗ್ಗಿ ಪ್ಲಗ್ಗನ್ನು ನೋಡುವವರೂ ಇದ್ದಾರೆ. ಡಿಪೋ ಮಾವನ ಪ್ರಶ್ನೆ ಆ ಕಾರಿಗೂ ಅಷ್ಟೇ ಸರಿ ಹೊಂದುತ್ತದೆ ಅಲ್ವಾ?

ಕೀ ತಿರುಗಿಸಲು ಅಪ್ಪನನ್ನು ಕರೆದೆ. ಅವರು ತೋಟದಿಂದ ಬಂದು, ಕೆಸರಿನ ಕಾಲು ತೊಳೆದು, ಪಂಚೆ ಎತ್ತಿ ಕಟ್ಟಿ ಸೀಟಿನಲ್ಲಿ ಕೂತರು. ಚೋಕ್ ಎಳೆದರು. ಸೆಲ್ಫ್ ಎರಡು ಸುತ್ತು ತಿರುಗಿತೋ ಇಲ್ಲವೋ, ಎಂಜಿನ್ ಹತ್ತಿಕೊಂಡಿತು. ಮೊದಲು ಒರಟಾಗಿ, ಸೈಲೆನ್ಸರಿನಲ್ಲಿ ಉಳಿದಿದ್ದ ಆಯಿಲ್ಲಿನ ಹೊಗೆ ಬಿಡುತ್ತಾ. ಆಮೇಲೆ ನಿಧಾನಕ್ಕೆ ಮೂರು ಸಿಲಿಂಡರಿನ ಆ ಗುರುಗುರು ಸದ್ದು ಸಮಕ್ಕೆ ಬಂತು. ನಾನು ಆಯಿಲ್ ದೀಪ ಆರಿತಾ ಅಂತ ಕೇಳಿದೆ. ಆರಿದೆ ಅಂದರು. ಅವರು ಬೇರೇನೂ ಮಾತಾಡಲಿಲ್ಲ. ಕಾರಿನಿಂದ ಇಳಿಯಲೂ ಇಲ್ಲ. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮಾರು ಹೊತ್ತು ಆ ಸದ್ದನ್ನೇ ಕೇಳುತ್ತಾ ಕೂತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

ಮಾವ ಬೇಲಿಯ ಆಚೆಯಿಂದಲೇ ಕೇಳಿದರು. "ಯಾವುದು?"

"ಇಪ್ಪತ್ತಾರು" ಅಂದೆ.

ಮಧ್ಯಾಹ್ನ ಎಂಜಿನ್ ತಣ್ಣಗಾದ ಮೇಲೆ ಸೆಂಟರ್ ಪಂಚ್ ತಂದು ಡಿಸ್ಟ್ರಿಬ್ಯೂಟರಿನ ಮೈಮೇಲೆ ಒಂದು, ಅದರ ಎದುರಿಗೆ ಲೋಹದ ಮೇಲೆ ಒಂದು, ಎರಡು ಚುಕ್ಕಿ ಹೊಡೆದೆ. ರೋಟರು ನಿಂತ ಜಾಗದ ನೇರಕ್ಕೆ ಇನ್ನೊಂದು. 34 ಸಾಲಿನ ಹಾಳೆಯನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಆರ್‌ಸಿ ಪುಸ್ತಕದ ಜೊತೆ ಇಟ್ಟಿದ್ದೇನೆ.